ಹೆಂಡತಿಯ ಕಾಲಂ

ಅಮ್ಮನಿಗೆ ಸುಳ್ಳು ಹೇಳಲು ಕಲಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ದೊಡ್ಡ ಸುಳ್ಳೇನಲ್ಲ. ಎರಡು ಪ್ರಶ್ನೆ, ಎರಡು ಉತ್ತರ. ಆದರೆ ಅವಳ ಬಾಯಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ.

"ನಿಮ್ಮ ಕೆಲಸ ಏನು ಮೇಡಂ?" ಎಂದು ನಾನು ಪೌರತ್ವ ಸಮಿತಿಯವರ ದನಿಯನ್ನು ಊಹಿಸಿಕೊಂಡು ಕೇಳುತ್ತಿದ್ದೆ.

"ಗೃಹಿಣಿ."

"ಕಳೆದ ಎರಡು ವರ್ಷ ನಿಮ್ಮ ಗಂಡನ ಆದಾಯ ತೀರಾ ಕಡಿಮೆ ಇದೆ. ಸಂಸಾರ ಹೇಗೆ ನಡೀತು?"

"ಉಳಿತಾಯ ಇತ್ತು. ಜರ್ಮನಿಯಲ್ಲಿ ಮೈದುನ ಇದ್ದಾನೆ, ಅವನೂ ಕಳಿಸಿದ."

"ಸರಿ. ಹೀಗೇ ಹೇಳಬೇಕು."

"ಕಳಿಸಿದನಂತೆ! ಬಿಡಿಗಾಸು ಕಳಿಸಿಲ್ಲ ಆ ಪುಣ್ಯಾತ್ಮ. ಹೋದ ಬೇಸಿಗೆಯಲ್ಲಿ ಬಂದವನು ನನ್ನ ಎರಡು ಡಬ್ಬಿ ಚೀಸ್ ಹೊತ್ಕೊಂಡು ಹೋದ."

"ಅಮ್ಮ, ಚೀಸಿನ ವಿಷಯ ಅಲ್ಲಿ ಎತ್ತಬೇಡ ಮಾರಾಯ್ತಿ."

ಹೀಗೆ ಪಾಠ ನಡೆಯುತ್ತಿದ್ದಾಗಲೂ ಅವಳ ಕಾಲು ಮಿಷನ್ನಿನ ಪೆಡಲಿನ ಮೇಲೇ ಇರುತ್ತಿತ್ತು. ಗ್ರೀಸಿನ ನಮ್ಮೂರು ಕಸ್ತೋರಿಯಾದಲ್ಲಿ ತುಪ್ಪಳದ ಕೋಟು ಹೊಲಿಯುವವರು ಕೋಟಿಗೆ ಬೇಕಾದ್ದನ್ನು ಕತ್ತರಿಸಿಕೊಂಡ ಮೇಲೆ ಮಿಂಕು ಎಂಬ ಮುಂಗುಸಿಯಂಥ ಪ್ರಾಣಿಯ ಪಾದ, ಬಾಲ, ಕುತ್ತಿಗೆಯ ಚೂರುಗಳು ಉಳಿಯುತ್ತವೆ. ಅವು ಗೋಣಿಚೀಲದಲ್ಲಿ ನಮ್ಮ ಮನೆಗೆ ಬರುತ್ತಿದ್ದವು. ಅಮ್ಮ ಅವನ್ನು ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಬಣ್ಣಕ್ಕೆ ಬಣ್ಣ ಹೊಂದಿಸಿ, ಕೂದಲು ಯಾವ ಕಡೆ ಮಲಗುತ್ತದೆಂದು ಬೆರಳಾಡಿಸಿ ನೋಡಿ, ಚೂರಿಗೆ ಚೂರು ಸೇರಿಸಿ ಒಂದು ದೊಡ್ಡ ಹಾಸು ಮಾಡುತ್ತಿದ್ದಳು. ಆ ಹಾಸಿನಿಂದ ಇನ್ನೊಂದು ಕೋಟು ಹುಟ್ಟುತ್ತಿತ್ತು. ನಮ್ಮ ಮನೆಯ ಗಾಳಿಯಲ್ಲಿ ಯಾವಾಗಲೂ ಕೂದಲು. ಕಾಫಿಯ ಮೇಲೆ, ಸೋಪಿನ ಮೇಲೆ, ಅಪ್ಪನ ಮೀಸೆಯ ಮೇಲೆ. ಶಾಲೆಯಲ್ಲಿ ಹುಡುಗರು ನನ್ನನ್ನು 'ಬೆಕ್ಕು' ಎಂದು ಕರೆಯುತ್ತಿದ್ದರು. ಅಮ್ಮನಿಗೆ ಹೇಳಿದಾಗ, "ಬೆಕ್ಕಲ್ಲ, ಮಿಂಕು ಅನ್ನು. ಬೆಲೆ ಜಾಸ್ತಿ" ಎಂದಿದ್ದಳು.

ಇಂಥವಳು ಗೃಹಿಣಿಯಾದದ್ದು ಅಪ್ಪನಿಂದ.

ಅಪ್ಪ ಪೆತ್ರಾಕ್ ಗಾರೆ ಕೆಲಸದವನು. ನನಗೆ ಎರಡು ವರ್ಷವಿದ್ದಾಗ ಇಬ್ಬರೂ ನನ್ನನ್ನು ಹೊತ್ತುಕೊಂಡು ಅಲ್ಬೇನಿಯಾದ ಕೊರ್ಚಾದಿಂದ ಗುಡ್ಡ ದಾಟಿ ಗ್ರೀಸಿಗೆ ಬಂದರು. ಕಾಗದಪತ್ರಗಳಾದ ಮೇಲೆ ಅಪ್ಪ ಪ್ರತಿ ವರ್ಷ ಲೆಕ್ಕಿಗ ಸೋತಿರಿಸ್ ಬಳಿ ಹೋಗಿ ತೆರಿಗೆಯ ವಿವರ ಸಲ್ಲಿಸುತ್ತಿದ್ದ. ಗಂಡಹೆಂಡಿರದು ಒಂದೇ ಹಾಳೆ. ಎಡಗಡೆಯ ಕಾಲಂ ಗಂಡನದು, ಬಲಗಡೆಯದು ಹೆಂಡತಿಯದು, ಸಹಿ ಮಾತ್ರ ಗಂಡನದು. ಮೊದಲ ವರ್ಷ ಸೋತಿರಿಸ್ ಕೇಳಿದ್ದ: "ಹೆಂಡತಿ?" ಅಪ್ಪ ಎದೆಯುಬ್ಬಿಸಿ, "ಮನೇಲಿದ್ದಾಳೆ" ಅಂದ. ಸೋತಿರಿಸ್ ಸೊನ್ನೆ ಬರೆದ. ಆಮೇಲಿನ ವರ್ಷಗಳಲ್ಲಿ ಅವನು ಕೇಳಲೂ ಇಲ್ಲ.

ಸುಳ್ಳೇನಲ್ಲ, ಅವಳು ಮನೆಯಲ್ಲೇ ಇದ್ದಳು. ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಮಿಷನ್ನಿನ ಮುಂದೆ ಇದ್ದಳು.

ಮೊದಲ ವರ್ಷಗಳ ಕೆಲಸಕ್ಕೆ ಯಾವ ದಾಖಲೆಯೂ ಇಲ್ಲ. ಆದರೆ ಕೊನೆಯ ಐದು ವರ್ಷ ಕಾರ್ಖಾನೆಯ ಯಜಮಾನ ಅರ್ಗಿರಿಸ್ ಅವಳ ಹೆಸರಿನಲ್ಲಿ ವಿಮೆ ಕಟ್ಟಿದ್ದ. ಪ್ರತಿ ವಸಂತದಲ್ಲಿ 'ಇಷ್ಟು ಸಂಬಳ ಕೊಟ್ಟಿದ್ದೇನೆ' ಎಂಬ ಪ್ರಮಾಣಪತ್ರವನ್ನೂ ಕೊಡುತ್ತಿದ್ದ. ಅಮ್ಮ ಅದನ್ನು ಅಪ್ಪನ ಕೈಗೆ ಕೊಡುವಳು, "ಸೋತಿರಿಸ್‌ಗೆ ಕೊಡು" ಎನ್ನುವಳು. ಅಪ್ಪ ಜೇಬಿಗೆ ಹಾಕಿಕೊಂಡು ಹೊರಡುವನು. ಕೊಟ್ಟಿರಲಿಲ್ಲ. ಒಂದು ವರ್ಷವೂ ಕೊಟ್ಟಿರಲಿಲ್ಲ. ಇದು ಗೊತ್ತಾದದ್ದು ಅಮ್ಮ ಪೌರತ್ವಕ್ಕೆ ಅರ್ಜಿ ಹಾಕಿ, ಸಂದರ್ಶನಕ್ಕೆ ಕರೆ ಬಂದು, ಸೋತಿರಿಸ್ ಹಳೆಯ ತೆರಿಗೆ ಪತ್ರಗಳನ್ನು ನಮ್ಮ ಮೇಜಿನ ಮೇಲೆ ಹರಡಿದಾಗ. ಬಲಗಡೆ ಉದ್ದಕ್ಕೂ ಸೊನ್ನೆ.

"ಯಾಕೆ ಕೊಡಲಿಲ್ಲ?" ಎಂದು ಅಮ್ಮ ಕೇಳಿದಳು. ದನಿ ಏರಿಸಲಿಲ್ಲ.

"ನನ್ನ ಹೆಂಡತಿ ದುಡಿದು ತಿನ್ನಬೇಕಾಗಿಲ್ಲ" ಎಂದ ಅಪ್ಪ.

"ತಿಂದವರು ಯಾರು ಯಾರು ಅಂತ ಹೇಳಲಾ?"

ಅಪ್ಪ ಬಾಲ್ಕನಿಯ ಕಡೆ ತಿರುಗಿದ. ಆಗ ದೇಶದಲ್ಲಿ ಯಾರೂ ಮನೆ ಕಟ್ಟಿಸುತ್ತಿರಲಿಲ್ಲ. ಅವನ ಗಾರೆ ಕರಣೆ ಎರಡು ವರ್ಷದಿಂದ ಬಾಲ್ಕನಿಯ ಬಕೆಟ್ಟಿನಲ್ಲಿ ಒಣಗಿ ಕೂತಿತ್ತು.

ಸೋತಿರಿಸ್ ಮಧ್ಯೆ ಬಾಯಿ ಹಾಕಿದ. "ನೋಡಿ, ಈಗ ಇದನ್ನ ಕೆದಕಬೇಡಿ. ಗೃಹಿಣಿ ಅಂತಲೇ ಹೇಳಿ. ಗಂಡನ ಹಳೆಯ ವರ್ಷಗಳ ಆದಾಯ ಚೆನ್ನಾಗಿದೆ, ಕಡತ ಮುಂದೆ ಹೋಗುತ್ತೆ. ಕೊನೆಯ ಎರಡು ವರ್ಷದ ಬಗ್ಗೆ ಕೇಳಿದರೆ ಉಳಿತಾಯ ಅನ್ನಿ, ನೆಂಟರು ಅನ್ನಿ. ದುಡಿದೆ ಅಂತ ಬಾಯಿ ಬಿಟ್ಟರೆ ತೋರಿಸದ ಆದಾಯ ಆಗುತ್ತೆ. ಅಲ್ಲಿಗೆ ಮುಗೀತು."

ಅಮ್ಮನಿಗೆ ಪೌರತ್ವ ಯಾಕೆ ಬೇಕಿತ್ತು ಎಂದರೆ ಅವಳ ವಾಸದ ಕಾರ್ಡು ಅವಳದಾಗಿರಲಿಲ್ಲ. ಅದರಲ್ಲಿ ಅವಳು 'ಪೆತ್ರಾಕನ ಹೆಂಡತಿ'. ಅಪ್ಪನ ಕಾರ್ಡಿದ್ದರೆ ಅವಳದೂ ಇದೆ. ಕೆಲಸವಿಲ್ಲದ ಗಾರೆಯವರ ಕಾರ್ಡುಗಳು ಒಂದೊಂದಾಗಿ ಬಿದ್ದುಹೋಗುತ್ತಿದ್ದ ಕಾಲ ಅದು. ನಮ್ಮ ಮಹಡಿಯ ಕೆಳಗಿನ ಮನೆಯವರು ಮಂಚ, ಫ್ರಿಜ್ ಎಲ್ಲ ವ್ಯಾನಿಗೇರಿಸಿ ಕೊರ್ಚಾಕ್ಕೆ ವಾಪಸು ಹೋಗಿದ್ದರು. ಆ ಹೆಂಗಸು ಏಣಿಯಂಥ ಮೆಟ್ಟಿಲಲ್ಲಿ ನಿಂತು ಅತ್ತದ್ದನ್ನು ಅಮ್ಮ ನೋಡಿದ್ದಳು. ಮಾರನೇ ದಿನವೇ ಅರ್ಜಿಗೆ ಶುಲ್ಕ ಕಟ್ಟಿ ಬಂದಳು.

ಹಾಗಾಗಿ ಅವಳು ಒಪ್ಪಿದಳು. ಗೃಹಿಣಿ. ಉಳಿತಾಯ. ಮೈದುನ. ನಾನು ದಿನಾ ಕೇಳುವೆ, ಅವಳು ದಿನಾ ಒಪ್ಪಿಸುವಳು. ಗ್ರೀಸಿನ ನದಿಗಳ ಹೆಸರು, ಸಂಸತ್ತಿನಲ್ಲಿ ಎಷ್ಟು ಜನ, ಮಾರ್ಚ್ ಇಪ್ಪತ್ತೈದರಂದು ಏನಾಯಿತು, ಎಲ್ಲ ನೀರು ಕುಡಿದಂತೆ ಬರುತ್ತಿತ್ತು. ಈ ಎರಡು ಉತ್ತರಕ್ಕೆ ಮಾತ್ರ ಅವಳು ಪ್ರತಿ ಸಲವೂ ಒಂದು ಗಳಿಗೆ ಮಿಷನ್ ನಿಲ್ಲಿಸುತ್ತಿದ್ದಳು.

ಸಂದರ್ಶನ ಕೊಝಾನಿ ಪಟ್ಟಣದಲ್ಲಿ. ಮೂವರೂ ಬಸ್ಸಿನಲ್ಲಿ ಹೋದೆವು. ಅಪ್ಪ ಮದುವೆಗಳಿಗೆ ಹಾಕುವ ಕೋಟು ಹಾಕಿಕೊಂಡಿದ್ದ. ಅಮ್ಮ ಬೆಳಿಗ್ಗೆ ಎದ್ದು ಈರುಳ್ಳಿ, ಟೊಮ್ಯಾಟೊ ತುಂಬಿದ ಲಾಕ್ರೋರ್ ರೊಟ್ಟಿ ಸುಟ್ಟು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು. ಬಸ್ಸಿಡೀ ಅದರ ವಾಸನೆ. ಡ್ರೈವರು ಕನ್ನಡಿಯಲ್ಲಿ ನೋಡುತ್ತಾ, "ಯಾರು ಆ ಪುಣ್ಯವಂತರು? ಕಿಟಕಿ ತೆಗೀರಿ ಇಲ್ಲವೇ ನನಗೂ ಒಂದು ತುಂಡು ಕೊಡಿ" ಎಂದ. ಅಮ್ಮ ಎದ್ದು ಹೋಗಿ ಕೊಟ್ಟಳು.

ಕಚೇರಿಯ ಬಾಗಿಲಲ್ಲಿ ಅಪ್ಪ ಅವಳ ಭುಜದ ಮೇಲಿನ ಒಂದು ಕೂದಲು ಹೆಕ್ಕಿ ತೆಗೆದ. "ಪ್ರಾನ್ವೆರಾ, ನೆನಪಿದೆ ತಾನೇ?"

"ಮೂರು ನದಿ ಹೇಳಬೇಕು ಅಂದರೆ ನಾಲ್ಕು ಹೇಳ್ತೀನಿ."

"ನದಿ ಅಲ್ಲ."

"ಗೊತ್ತು ಬಿಡು" ಎಂದು ಒಳಗೆ ಹೋದಳು.

ಒಳಗೆ ನಡೆದದ್ದನ್ನು ಅಮ್ಮ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಒಂದೊಂದು ಸಲ ಒಂದೊಂದು ಥರ. ಒಂದರಲ್ಲಿ ಸಮಿತಿಯ ಗಡ್ಡದವನು ಎದ್ದು ನಿಂತು ಕೈ ಕುಲುಕುತ್ತಾನೆ, ಇನ್ನೊಂದರಲ್ಲಿ ಅವನು ಉದ್ದಕ್ಕೂ ತೂಕಡಿಸುತ್ತಾನೆ. ನಾನು ನಂಬುವುದು ಮೊದಲ ಸಲ ಹೇಳಿದ್ದನ್ನು. ಆಗಿನ್ನೂ ಅದಕ್ಕೆ ಉಪ್ಪುಖಾರ ಸೇರಿರಲಿಲ್ಲ.

ಸಮಿತಿಯ ಅಧ್ಯಕ್ಷೆ ಅಮ್ಮನ ವಯಸ್ಸಿನವಳು. ಒಳ್ಳೆಯ ಹೆಂಗಸು ಎಂದು ಅಮ್ಮ ಪ್ರತಿ ಸಲವೂ ಹೇಳುತ್ತಾಳೆ. ನದಿಗಳಾದವು, ಸಂಸತ್ತಾಯಿತು. ಗಡ್ಡದವನು ಕಸ್ತೋರಿಯಾದ ಸರೋವರದಲ್ಲಿ ಈ ಸಲ ಮೀನು ಹೇಗಿದೆ ಎಂದು ಕೇಳಿದ. ಅದು ಪರೀಕ್ಷೆಯೋ ಅವನ ಊಟದ ಚಿಂತೆಯೋ ಅಮ್ಮನಿಗೆ ತಿಳಿಯಲಿಲ್ಲ. ಆಮೇಲೆ ಅಧ್ಯಕ್ಷೆ ತೆರಿಗೆ ಪತ್ರಗಳನ್ನು ತಿರುವಿ ಹಾಕಿದಳು.

"ನಿಮ್ಮ ಕೆಲಸ?"

"ಗೃಹಿಣಿ."

"ಈ ಎರಡು ವರ್ಷ?"

"ಉಳಿತಾಯ ಇತ್ತು. ಜರ್ಮನಿಯಿಂದ ಮೈದುನನೂ ಕಳಿಸಿದ."

ತಡವರಿಸಲೇ ಇಲ್ಲ. ನಾನು ಕಲಿಸಿದ ಪಾಠ ಪೂರ್ತಿ ಒಪ್ಪಿಸಿದಳು. ಅಧ್ಯಕ್ಷೆ ತಲೆಯಾಡಿಸಿದಳು, ಪಕ್ಕದ ಗುಮಾಸ್ತ ಟೈಪು ಮಾಡಿದ. ಅಲ್ಲಿಗೆ ಮುಗಿದಿತ್ತು. ಆದರೆ ಸಹಿಗೆ ಮೊದಲು ನಡಾವಳಿಯನ್ನು ಅರ್ಜಿದಾರರಿಗೆ ಓದಿ ಹೇಳಬೇಕೆಂಬ ಕ್ರಮ ಇದೆಯಂತೆ. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ, ಸೋತಿರಿಸ್‌ಗೂ. ಗುಮಾಸ್ತ ರಾಗವಿಲ್ಲದ ದನಿಯಲ್ಲಿ ಓದಿದ: "ಅರ್ಜಿದಾರಳು ದೇಶದಲ್ಲಿ ವಾಸವಿದ್ದ ಕಾಲದಲ್ಲಿ ಯಾವುದೇ ಉದ್ಯೋಗ ಮಾಡಿರುವುದಿಲ್ಲ. ಗಂಡನ ಮತ್ತು ನೆಂಟರ ಆಸರೆಯಲ್ಲಿ ಜೀವನ ಸಾಗಿಸಿರುತ್ತಾಳೆ."

"ತಪ್ಪು" ಎಂದಳು ಅಮ್ಮ.

ಗುಮಾಸ್ತ ತಲೆಯೆತ್ತಿದ. "ಯಾವುದು? ಹೆಸರಾ?"

"ಹೆಸರು ಸರಿ. ಅದಾದ ಮೇಲೆ ಇರೋದೆಲ್ಲ ತಪ್ಪು. ಹೊಡೆದುಹಾಕಿ."

"ಈಗ ತಾನೇ ನೀವೇ ಹೇಳಿದಿರಲ್ಲ ಮೇಡಂ" ಎಂದಳು ಅಧ್ಯಕ್ಷೆ.

"ಹೇಳಿದೆ. ನಾನು ಹೇಳುವಾಗ ಅದು ಸಣ್ಣ ಮಾತಾಗಿತ್ತು. ಇವರು ಓದಿದಾಗ ನನಗೇ ಕೇಳಿಸಿತು. ಈ ಹೆಂಗಸು ಯಾರಪ್ಪಾ ಅಂತ ಅನ್ನಿಸಿತು."

ಅಧ್ಯಕ್ಷೆ ಪೆನ್ನು ಕೆಳಗಿಟ್ಟಳು. "ಸ್ವಲ್ಪ ಯೋಚನೆ ಮಾಡಿ. ನೀವು ಕೆಲಸ ಮಾಡಿದೆ ಅಂದರೆ ಈ ಕಾಗದಗಳಲ್ಲಿ ಅದು ಇರಬೇಕಿತ್ತು. ಇಲ್ಲ. ಅಂದಮೇಲೆ ತೋರಿಸದ ಆದಾಯ ಆಗುತ್ತೆ. ನಾನು ಕಡತ ನಿಲ್ಲಿಸಲೇಬೇಕು. ತಿರಸ್ಕಾರವೂ ಆಗಬಹುದು. ಗೃಹಿಣಿ ಅಂದರೆ ಇವತ್ತೇ ಸಹಿ ಮಾಡಿ ಹೋಗಬಹುದು. ಗೃಹಿಣಿ ಆಗಿರೋದು ಅಪಮಾನ ಅಲ್ಲ."

"ಅಲ್ಲವೇ ಅಲ್ಲ. ನನ್ನ ಅತ್ತೆಗೆ ಆ ಭಾಗ್ಯ ಸಿಗಲಿಲ್ಲ ಅಂತ ನನ್ನ ಗಂಡನಿಗೆ ಈಗಲೂ ಸಂಕಟ. ಆದರೆ ನಾನು ಅದಲ್ಲ."

"ಹಾಗಾದರೆ ಇನ್ನೊಂದು ಸಲ ಕೇಳ್ತೀನಿ. ನಿಮ್ಮ ಕೆಲಸ ಏನು?"

"ತುಪ್ಪಳ ಹೊಲಿಯೋದು. ಹದಿನಾರು ವರ್ಷದಿಂದ. ಕೊನೆಯ ಐದು ವರ್ಷಕ್ಕೆ ವಿಮೆ ಇದೆ, ಸಂಬಳದ ಕಾಗದ ಇದೆ. ಕಾಗದ ಸೇರಬೇಕಾದ ಕಡೆ ಸೇರಲಿಲ್ಲ, ಅಷ್ಟೆ. ಮೊದಲಿನ ವರ್ಷಗಳಿಗೆ ಏನೂ ಇಲ್ಲ. ಅದಕ್ಕೆ ನನ್ನ ಕೆಮ್ಮು ಇದೆ, ಬೇಕಾದರೆ ಬರ್ಕೊಳ್ಳಿ."

ಗಡ್ಡದವನು ನಕ್ಕುಬಿಟ್ಟ. ಅಧ್ಯಕ್ಷೆ ನಗಲಿಲ್ಲ. ಗುಮಾಸ್ತನಿಗೆ ಹೇಳಿ ಆ ಎರಡು ವಾಕ್ಯ ಅಳಿಸಿದಳು. ಆರು ತಿಂಗಳೊಳಗೆ ತೆರಿಗೆ ಸರಿಪಡಿಸಿದ ಕಾಗದ ತರಬೇಕು, ತಂದರೆ ಸಮಿತಿ ಮತ್ತೆ ನೋಡುತ್ತದೆ, ತರದಿದ್ದರೆ ಇಲ್ಲ ಎಂದು ಬರೆಸಿದಳು. "ಮತ್ತೆ ನೋಡುತ್ತೆ ಅಂದೆ. ಒಪ್ಪುತ್ತೆ ಅನ್ನಲಿಲ್ಲ" ಎಂದು ಎರಡು ಸಲ ಹೇಳಿದಳಂತೆ.

ಹೊರಗೆ ಅಪ್ಪ ಓಡಾಡುತ್ತಿದ್ದ. ಅಮ್ಮ ಬಂದ ಕೂಡಲೇ, "ಆಯ್ತಾ?" ಎಂದ.

"ಆಯ್ತು."

"ಏನಂದರು?"

"ಬಸ್ಸಲ್ಲಿ ಹೇಳ್ತೀನಿ. ಮೊದಲು ಏನಾದರೂ ತಿನ್ನೋಣ, ಹೊಟ್ಟೆ ಹಸೀತಿದೆ."

ತಿನ್ನುವಾಗ ಅವಳು ನಗುತ್ತಿದ್ದಳು. ಅಪ್ಪ ಅದನ್ನು ನೋಡಿ ಪೌರತ್ವ ಸಿಕ್ಕಿತೆಂದು ತಿಳಿದು ನಿಲ್ದಾಣದಲ್ಲಿದ್ದ ಅಪರಿಚಿತನೊಬ್ಬನಿಗೆ ಸಿಗರೇಟು ಕೊಟ್ಟ. ಬಸ್ಸು ಸಿಯಾತಿಸ್ತಾದ ತಿರುವು ದಾಟಿದ ಮೇಲೆ ಅಮ್ಮ ಎಲ್ಲ ಹೇಳಿದಳು. ಅಧ್ಯಕ್ಷೆಯ ದನಿ, ಗುಮಾಸ್ತನ ದನಿ, ಎಲ್ಲ ಮಾಡಿ ತೋರಿಸಿದಳು. ಅಪ್ಪನ ಮುಖ ಸುಣ್ಣವಾಯಿತು.

"ಅಷ್ಟು ಜನರ ಮುಂದೆ ನನ್ನ ಮಾನ ತೆಗೆದು ಬಂದೆಯಲ್ಲ?"

"ನಿನ್ನ ಮಾನ ನನ್ನ ಕಾಲಂನಲ್ಲಿ ಯಾಕಿತ್ತು ಪೆತ್ರಾಕ್?"

"ಸಹಿ ಹಾಕಿ ಬಂದಿದ್ದರೆ ಮುಗೀತಿತ್ತು! ಆ ಕಾರ್ಡಿನ ಚಿಂತೇಲಿ ಎರಡು ವರ್ಷದಿಂದ ನಿದ್ದೆ ಇಲ್ಲ ಅಂದೆ. ಪೌರತ್ವವೇ ಕೈಗೆ ಬಂದಿತ್ತು. ಬಿಟ್ಟು ಬಂದೆ."

"ಯಾರ ಕೈಗೆ ಬಂದಿತ್ತು? ಆಸರೆಯಲ್ಲಿ ಬದುಕಿದವಳ ಕೈಗೆ. ಅವಳು ಯಾರೋ ನನಗೆ ಗೊತ್ತಿಲ್ಲ. ಅವಳಿಗೆ ಪೌರತ್ವ ಸಿಕ್ಕಿ ನನಗೇನು ಬಂತು?"

ಹಿಂದಿನ ಸೀಟಿನ ಮುದುಕಿ ಅಲ್ಬೇನಿಯನ್ ಅರ್ಥವಾಗದಿದ್ದರೂ ನನ್ನ ಭುಜ ತಟ್ಟಿ ಕೇಳಿದಳು, "ಯಾರು ಗೆಲ್ತಿದ್ದಾರೆ ಮಗಳೇ?"

"ಇನ್ನೂ ಗೊತ್ತಿಲ್ಲ ಅಜ್ಜಿ" ಎಂದೆ.

ಅದಾದ ಮೇಲೆ ಅಪ್ಪ ಮನೆಯಲ್ಲಿ ಮಾತು ನಿಲ್ಲಿಸಿದ. ಬೆಳಿಗ್ಗೆ ಹೊರಗೆ ಹೋದರೆ ಊಟದ ಹೊತ್ತಿಗೆ ಬಂದು ಮತ್ತೆ ಹೋಗುವನು. ಹಳೆಯ ತೆರಿಗೆ ಸರಿಪಡಿಸುವ ತಪ್ಪೊಪ್ಪಿಗೆಯ ಕಾಗದಕ್ಕೆ ಅವನ ಸಹಿಯೇ ಬೇಕು. ಹೊಣೆಗಾರ ಅವನು. ಅವನು ಹಾಕದಿದ್ದರೆ ಅಮ್ಮನ ಸಂಬಳದ ಕಾಗದಗಳಿಗೆ ಬೆಲೆಯಿಲ್ಲ. ಅಮ್ಮ ಕೇಳಲಿಲ್ಲ. ಅವಳದೂ ಹಟ. ಮಿಷನ್ ಮಾತ್ರ ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಒಂದು ತಿಂಗಳು ಕಳೆಯಿತು. ನಾನು ಬೇಕರಿಯ ಕೆಲಸ ಮುಗಿಸಿ ಅಪ್ಪನನ್ನು ಹುಡುಕಿಕೊಂಡು ಸರೋವರದ ದಂಡೆಗೆ ಹೋದೆ. ಬಾತುಗಳಿಗೆ ಹಾಕಲು ಒಣ ಬ್ರೆಡ್ಡು ಒಯ್ದಿದ್ದೆ. ಅವನು ಅದನ್ನು ತಾನೇ ತಿನ್ನುತ್ತಾ ಕೂತ.

"ನಿಮ್ಮಮ್ಮ ಕಳಿಸಿದಳಾ?"

"ಅವಳು ಸತ್ತರೂ ಕಳಿಸಲ್ಲ. ನಿನಗೆ ಗೊತ್ತಿಲ್ವಾ?"

"ಗೊತ್ತು."

ಅವನು ನೀರು ನೋಡುತ್ತಿದ್ದ. ಆಮೇಲೆ, ನಾನು ಕೇಳದೆಯೇ, ಅವನ ಅಮ್ಮನ ಕತೆ ಹೇಳಿದ. ಕಮ್ಯುನಿಸ್ಟರ ಕಾಲದ ಅಲ್ಬೇನಿಯಾದಲ್ಲಿ ಅಜ್ಜಿ ಸಕ್ಕರೆ ಗೆಡ್ಡೆಯ ಹೊಲದಲ್ಲಿ ದುಡಿಯುತ್ತಿದ್ದಳು. ಹೊಲ ಯಾರದೂ ಅಲ್ಲ, ಸರ್ಕಾರದ್ದು. ದಿನಕ್ಕೆ ಇಷ್ಟು ಕೀಳಬೇಕೆಂದು ನಿಗದಿ. ನಿಗದಿ ಮುಟ್ಟದ ಹೆಂಗಸರ ಹೆಸರನ್ನು ಊರ ಚೌಕದ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಹಚ್ಚುತ್ತಿದ್ದರು. ಅಪ್ಪನ ತಂಗಿ ಹೊಟ್ಟೆಯಲ್ಲಿದ್ದಾಗ ಅಜ್ಜಿಯ ಹೆಸರು ಆ ಹಲಗೆಯ ಮೇಲೆ ಬಂತು. ಅಪ್ಪ ಶಾಲೆಗೆ ಆ ದಾರಿಯಲ್ಲೇ ಹೋಗಬೇಕಿತ್ತು.

"ಹುಡುಗರೆಲ್ಲ ಜೋರಾಗಿ ಓದೋರು. ಅಮ್ಮನ ಹೆಸರನ್ನ. ಅವತ್ತೇ ಅಂದುಕೊಂಡೆ, ನನ್ನ ಹೆಂಡತಿಯ ಹೆಸರನ್ನ ಯಾವ ಸರ್ಕಾರವೂ ಕೆಲಸದ ಪಟ್ಟಿಯಲ್ಲಿ ಬರೀಬಾರದು ಅಂತ. ಸೋತಿರಿಸ್ ಕೇಳಿದಾಗ 'ಮನೇಲಿದ್ದಾಳೆ' ಅಂದೆನಲ್ಲ, ನನಗೆ ಅದು ಪದಕ ಕೊಟ್ಟ ಹಾಗೆ ಆಗಿತ್ತು. ಅವಳಿಗೆ ಪದಕ ಹಾಕಿದೆ ಅಂದುಕೊಂಡೆ ಕಣೇ."

"ಅಪ್ಪ, ಅಜ್ಜಿಯನ್ನ ಸರ್ಕಾರದವರು ಕೆಲಸಕ್ಕೆ ಕಳಿಸಿದರು. ಅಮ್ಮನನ್ನ ಯಾರು ಕಳಿಸಿದರು?"

"ಯಾರೂ ಇಲ್ಲ. ನಾನೇ ಬೇಡ ಅಂದಿದ್ದೆ. ಅರ್ಗಿರಿಸ್ ಕಾರ್ಖಾನೆಯಿಂದ ಮೊದಲ ಚೀಲ ಅವಳೇ ಹೊತ್ಕೊಂಡು ಬಂದಳು. ಬೆನ್ನ ಮೇಲೆ. ಎಷ್ಟು ಬೈದೆ. 'ಪಕ್ಕಕ್ಕೆ ಸರಿ, ಬೆಳಕು ಬೇಕು' ಅಂದಳು."

"ಮತ್ತೆ?"

"ಮತ್ತೇನು? ಸರಿದೆ."

ಬ್ರೆಡ್ಡು ಮುಗಿದಿತ್ತು. ಬಾತುಗಳು ಇನ್ನೂ ಆಸೆಯಿಂದ ನಿಂತಿದ್ದವು. ಅಪ್ಪ ಕೈ ಝಾಡಿಸಿ ಎದ್ದ. ನನ್ನ ಜೊತೆ ಮನೆಗೆ ಬರಲಿಲ್ಲ, ಬೇರೆ ದಾರಿ ಹಿಡಿದ.

ಎರಡು ದಿನ ಬಿಟ್ಟು ಸೋತಿರಿಸ್ ಬೇಕರಿಗೆ ಬಂದ. ಒಂದು ಎಳ್ಳಿನ ಬ್ರೆಡ್ಡು ಕೊಂಡು, ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು, "ನಿಮ್ಮಪ್ಪ ಬಂದಿದ್ದ ರೋವೆನಾ" ಎಂದ. "ಸಂಬಳದ ಕಾಗದ ಐದೂ ತಂದು ಮೇಜಿನ ಮೇಲಿಟ್ಟ. ಎಲ್ಲಿಟ್ಟಿದ್ದನೋ, ಒಂದು ಸುಕ್ಕು ಕೂಡ ಇಲ್ಲ. ಇಷ್ಟು ವರ್ಷ ಈ ಊರಿನ ಲೆಕ್ಕ ಬರೆದಿದ್ದೀನಿ. ಎಲ್ಲರೂ ಬಂದು 'ಸೋತಿರಿಸ್, ಸ್ವಲ್ಪ ಕಡಿಮೆ ತೋರಿಸು' ಅಂತಾರೆ. ಜಾಸ್ತಿ ತೋರಿಸು ಅಂದವನು ಇವನೊಬ್ಬನೇ. ನನಗೆ ಗಣಕವೇ ಕೆಟ್ಟುಹೋಯಿತೇನೋ ಅನ್ನಿಸಿತು."

"ಏನಂದ?"

"'ಹೆಂಡತಿಯ ಕಾಲಂ ತುಂಬು' ಅಂದ. ಅಷ್ಟೆ. ದಂಡ ಬೀಳುತ್ತೆ ಅಂದೆ. 'ಬೀಳಲಿ, ನಂದೇ ತಪ್ಪು' ಅಂದ. ಆಮೇಲೆ ಒಂದು ಹಾಳೆ ತೋರಿಸಿ, 'ಆ ವರ್ಷ ಅವಳು ನನಗಿಂತ ಜಾಸ್ತಿ ದುಡಿದಿದ್ದಾಳಲ್ಲ?' ಅಂದ. ಹೌದು ಅಂದೆ. ಎರಡು ಸಲ ಕೇಳಿದ."

ಅಮ್ಮ ಪೌರತ್ವದ ಪ್ರಮಾಣವಚನ ತೆಗೆದುಕೊಂಡದ್ದು ಇದೆಲ್ಲ ಆಗಿ ಒಂದೂವರೆ ವರ್ಷದ ಮೇಲೆ. ಸಮಿತಿ ಮತ್ತೆ ಕೂತು, ಮತ್ತೆ ಮುಂದೂಡಿ, ಕೊನೆಗೆ ಒಪ್ಪಿತು. ಆ ದಿನದ ಫೋಟೋ ನಮ್ಮ ಹಜಾರದಲ್ಲಿದೆ. ಧ್ವಜದ ಪಕ್ಕ ಅಮ್ಮ ಬಿಗಿದುಕೊಂಡು ನಿಂತಿದ್ದಾಳೆ, ಕಣ್ಣು ಮುಚ್ಚಿದೆ. ಬಂದವರೆಲ್ಲ ಆ ಫೋಟೋ ನೋಡುತ್ತಾರೆ. ನನಗೆ ಕಣ್ಣಿಗೆ ಕಟ್ಟಿರುವುದು ಬೇರೆ ದಿನ. ಅವತ್ತು ಯಾರೂ ಫೋಟೋ ತೆಗೆಯಲಿಲ್ಲ.

ಅದು ಕಸ್ತೋರಿಯಾದ ತೆರಿಗೆ ಕಚೇರಿ, ಸರಿಪಡಿಸಿದ ಹಾಳೆಗಳನ್ನು ಒಪ್ಪಿಸಿದ ದಿನ. ಆ ಚಳಿಗಾಲದಲ್ಲಿ ಸರ್ಕಾರ ಮನೆಗೆ, ಗಾಡಿಗೆ, ಎಲ್ಲಕ್ಕೂ ಹೊಸ ತೆರಿಗೆ ಹಾಕಿತ್ತು. ಸಾಲು ಮೆಟ್ಟಿಲವರೆಗೆ ಬಂದಿತ್ತು. ನಿಂತವರೆಲ್ಲ ಬೈಯುತ್ತಿದ್ದರು.

"ಉಸಿರಿಗೂ ಹಾಕ್ತಾರೆ ಇನ್ನು."

"ಹಾಕ್ತಾರೆ. ಒಳಗೆ ತಗೊಂಡಿದ್ದಕ್ಕೆ ಒಂದು, ಹೊರಗೆ ಬಿಟ್ಟಿದ್ದಕ್ಕೆ ಒಂದು."

ಅಮ್ಮ ಕೂದಲು ಬಾಚಿ, ಅರ್ಗಿರಿಸ್ ಯಾವುದೋ ಹಬ್ಬಕ್ಕೆ ಕೊಟ್ಟಿದ್ದ ತುಪ್ಪಳದ ಕೊರಳುಪಟ್ಟಿ ಹಾಕಿಕೊಂಡು ಬಂದಿದ್ದಳು. ಅಪ್ಪ ಅವಳ ಪಕ್ಕದಲ್ಲಿ ನಿಂತಿದ್ದ. ಇಬ್ಬರ ಮಾತೂ ಇನ್ನೂ ಪೂರ್ತಿ ಸರಿಹೋಗಿರಲಿಲ್ಲ. "ಚಳೀನಾ?" "ಇಲ್ಲ." ಅಷ್ಟೇ ನಡೆದಿತ್ತು.

ಕಿಟಕಿಯ ಹಿಂದಿನ ಹುಡುಗ ಹಾಳೆಗಳನ್ನು ನೋಡಿ ಹುಬ್ಬೇರಿಸಿದ. "ಐದು ವರ್ಷದ್ದು ಒಟ್ಟಿಗೆ? ಹೊಣೆಗಾರರು ಯಾರು?"

"ನಾನು" ಎಂದ ಅಪ್ಪ.

"ಇಲ್ಲಿ, ಇಲ್ಲಿ, ಇಲ್ಲಿ ಸಹಿ. ಹೆಂಡತಿಯ ವೃತ್ತಿ ಗೃಹಿಣಿ ಅಂತಿದೆ. ಅದೇ ಇರಲಾ?"

ಅಪ್ಪ ಅಮ್ಮನ ಕಡೆ ನೋಡಲಿಲ್ಲ. "ತುಪ್ಪಳದ ಕೆಲಸದವಳು ಅಂತ ಬರೀರಿ ಸಾರ್."

ಹುಡುಗ ಬರೆದುಕೊಂಡು, ದಂಡ ಸೇರಿಸಿ ಒಟ್ಟು ಹೇಳಿದ. ದೊಡ್ಡ ಮೊತ್ತವೇ. ಹಿಂದೆ ನಿಂತವರ ಬಾಯಿಂದ ಒಂದು ಸೀಟಿ ಬಂತು. "ಕಂತು ಮಾಡಿಕೊಡಲಾ? ನೋಟೀಸು ಗಂಡನ ಹೆಸರಿಗೆ ತೆಗೀತೀನಿ."

"ಯಾಕೆ ಗಂಡನ ಹೆಸರಿಗೆ?" ಅಮ್ಮ ಕಿಟಕಿಗೆ ಬಗ್ಗಿದಳು. "ಬಲಗಡೆ ಕಾಲಂ ನಂದು. ದುಡಿದಿದ್ದು ನಾನು. ತೆರಿಗೆ ನನ್ನ ಹೆಸರಿಗೇ ತೆಗೀರಿ."

"ಎರಡೂ ಆಗುತ್ತೆ ಮೇಡಂ. ಸಾಮಾನ್ಯವಾಗಿ ಯಾರೂ ಕೇಳಲ್ಲ."

"ನಾನು ಕೇಳ್ತಿದ್ದೀನಿ. ಮೊದಲ ಕಂತು ಈಗಲೇ ಕಟ್ತೀನಿ. ಎಲ್ಲಿ ಕಟ್ಟಬೇಕು?"

"ಖಜಾನೆ ಕಿಟಕಿ, ಎಡಗಡೆ."

ಅಪ್ಪ ಜೇಬಿಗೆ ಕೈ ಹಾಕಿದ, ಅಭ್ಯಾಸದಿಂದ. ಅಮ್ಮ ಅವನ ಮೊಣಕೈಯನ್ನು ಮೆಲ್ಲಗೆ ಕೆಳಗೆ ಒತ್ತಿ, ತನ್ನ ಚೀಲ ತೆಗೆದುಕೊಂಡು ಎಡಗಡೆಗೆ ಹೋದಳು. ಖಜಾನೆಯ ಹೆಂಗಸು ಅವಳ ಹೆಸರು ಕೇಳಿದಳು. ಅಮ್ಮ ಇಡೀ ಹೆಸರು, ತಂದೆಯ ಹೆಸರು, ಹುಟ್ಟಿದ ಊರು ಎಲ್ಲ ಹೇಳಿದಳು. ಅಷ್ಟು ಬೇಕಿರಲಿಲ್ಲ. ಮುದ್ರೆ ಬಿದ್ದ ಶಬ್ದ ಸಾಲಿನವರೆಗೂ ಕೇಳಿಸಿತು. ರಸೀದಿಯನ್ನು ಬೆಳಕಿಗೆ ಹಿಡಿದು, ತುಪ್ಪಳದ ಬಣ್ಣ ನೋಡುವಾಗ ಮಾಡುವ ಹಾಗೆ ಕಣ್ಣು ಕಿರಿದು ಮಾಡಿ ಓದಿದಳು. ಓದುತ್ತಾ ಅವಳ ಮುಖದಲ್ಲಿ ನಗು ಹಬ್ಬಿತು.

ಸಾಲಿನಲ್ಲಿದ್ದ ದಪ್ಪ ಕೋಟಿನ ಮುದುಕನೊಬ್ಬ ಇದನ್ನೇ ನೋಡುತ್ತಿದ್ದ. "ದೇವರೇ" ಎಂದ, "ತೆರಿಗೆ ಕಟ್ಟಿ ನಗುವವರನ್ನ ಈ ಕಟ್ಟಡದಲ್ಲಿ ನಾನು ಇವತ್ತೇ ನೋಡಿದ್ದು. ಯಾರು ಆ ಹೆಂಗಸು? ತಲೆ ಸರಿ ಇದೆ ತಾನೇ?"

ಜನ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅಪ್ಪ ಹೊರಗಿನವರ ಮುಂದೆ ಗ್ರೀಕ್ ಮಾತಾಡಲು ಹಿಂಜರಿಯುತ್ತಾನೆ. ಅವನ ಉಚ್ಚಾರಕ್ಕೆ ನಗುತ್ತಾರೆ ಎಂದು ಅಂಗಡಿಗೂ ನನ್ನನ್ನೇ ಕಳಿಸುತ್ತಿದ್ದ. ಈಗ ಅವನು ಟೋಪಿ ತೆಗೆದ. ಮುದುಕನ ಕಡೆ ತಿರುಗಿದ, ಆದರೆ ದನಿ ಮೆಟ್ಟಿಲ ಮೇಲೆ ನಿಂತವರಿಗೂ ಮುಟ್ಟುವಷ್ಟಿತ್ತು.

"ನನ್ನ ಹೆಂಡತಿ ಸ್ವಾಮಿ. ಪ್ರಾನ್ವೆರಾ ಅಂತ. ಎರಡು ವರ್ಷದಿಂದ ನಮ್ಮ ಮನೆ ನಡೆಸ್ತಿರೋಳು ಅವಳೇ."

ಅಮ್ಮ ರಸೀದಿಯಿಂದ ತಲೆಯೆತ್ತಿದಳು.

"ಎರಡಲ್ಲ" ಎಂದಳು ಅಲ್ಲಿಂದಲೇ. "ಸರಿಯಾಗಿ ಹೇಳು."